ಮೊಸರಿನ ಗಡಿಗೆಯೂ ಡಬಲ್ ಶಾಕರ್ ಸೈಕಲ್ಲೂ

ಕಲಬುರಗಿಯ ಸೈಕಲ್ ಅಂಗಡಿಯವರು ಒಂದು ಕಾಲದಲ್ಲಿ ಮೊಸರಿನ ಗಡಿಗೆ ಕಂಡರೆ ಶಟರ್ ಎಳೆಯುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ನನಗೇನೂ ಬೇಸರವಿಲ್ಲ. ಆದರೆ ಆ ಗಡಿಗೆಯನ್ನು ಎದೆಗವಚಿಕೊಂಡು ಸೂಪರ್ ಮಾರ್ಕೆಟ್ ಎಂಬ ಪೇಟೆಯ ತುಂಬ ತಿರುಗುತ್ತಿದ್ದ ಮನುಷ್ಯ ನನ್ನ ತಾಯಿಯ ಖಾಸಾ ಅಣ್ಣ, ಅಂದರೆ ನನ್ನ ಸೋದರಮಾವ. ಈ ಸಂಬಂಧವನ್ನು ನಾಲ್ಕು ಜನರೆದುರು ಒಪ್ಪಿಕೊಳ್ಳಲು ನನಗೆ ಸಾಕಷ್ಟು ವರ್ಷ ಹಿಡಿಯಿತು.

ಪರೀಕ್ಷೆ ಮಾಡದೆ ಏನನ್ನೂ ಕೊಳ್ಳಬಾರದೆಂಬುದು ಮಾವನ ವ್ರತ. ಮೇಷ್ಟ್ರಾಗಿ ನಿವೃತ್ತರಾದವರು, ಬೇರೆ ಯಾರೂ ಸಿಗದಿದ್ದರೆ ಸಾಮಾನುಗಳಿಗೇ ಪರೀಕ್ಷೆ. ಕೊಡೆ ಕೊಳ್ಳಲು ಹೋದರೆ ಮಳೆ ಬರುವವರೆಗೆ ಅಂಗಡಿಯಲ್ಲೇ ಕೂಡುವವರು. ಕಲಬುರಗಿಯಲ್ಲಿ ಮಳೆ ಬರುವವರೆಗೆ ಕೂಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕೆ? ಕಡೆಗೆ ಅಂಗಡಿಯವನೇ ಮಾಳಿಗೆ ಹತ್ತಿ, ಮೇಲಿನಿಂದ ಒಂದು ಕೊಡ ನೀರು ಸುರಿದು, ಕೊಡೆ ಮಾರಿ ಕಳಿಸಿದ. ಪಲ್ಲಂಗ ಕೊಳ್ಳುವಾಗಲಂತೂ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಹೋಗಿ, ಅಂಗಡಿಯಲ್ಲಿ ಅದರ ಮೇಲೆ ಮಲಗಿ ಗೊರಕೆ ಹೊಡೆದರು. ಎದ್ದಾಗ ಸುತ್ತ ಗಿರಾಕಿಗಳು ನಿಂತಿದ್ದರು. "ನಿದ್ದಿ ಛಲೋ ಬಂತು. ಆದ್ರ ಕನಸು ಸರಿ ಬೀಳಲಿಲ್ಲ. ಬ್ಯಾರೆ ತೋರಸ್ರಿ," ಎಂದರಂತೆ.

ಪರೀಕ್ಷೆ ಇಲ್ಲದೆ ಅವರು ಒಪ್ಪಿದ್ದು ನಮ್ಮ ಅತ್ತೆಯನ್ನು ಮಾತ್ರ. ಹೆಣ್ಣು ನೋಡಲು ಹೋದವರು ಚಹಾದ ಕಪ್ಪು ಕೈಗೆ ಬರುವ ಮೊದಲೇ ಹೂಂ ಎಂದುಬಿಟ್ಟಿದ್ದರು. "ಪರೀಕ್ಷಾ ನಾ ಮಾಡಬೇಕಾಗಿತ್ತು ಇವರಿಗಿ," ಎಂದು ಅತ್ತೆ ಈಗಲೂ ಹೇಳುವುದುಂಟು.

ಮನೆ ಕಲಬುರಗಿಯಲ್ಲೇ, ಐವಾನ್-ಎ-ಶಾಹಿ ಬಡಾವಣೆಯ ಕಡೆ. ಕಮಲಾಪುರದಲ್ಲಿ ಅವರದೊಂದು ಕೆಂಪು ಬಾಳೆಯ ತೋಟ. ಹೆಸರಿಗೆ ಮಾವನದು, ಖರೆ ಅಂದರೆ ಅತ್ತೆಯದು. ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ಬಾಳೆಗಂದು ಹೂಳಿದವರು ಅವರೇ. ಅಂದಿನಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ, ಒಂದೊಂದು ಗಿಡವನ್ನೂ ಮಾತಾಡಿಸಿ, ಸಂಜೆಗೆ ಬರುವವರು. ಹೀಗಿರುವಾಗ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಬೆನ್ನು ಕೂಡಿಕೊಂಡಿತು, ಆದರೆ ಮುನಿಸಿಕೊಂಡೇ ಕೂಡಿಕೊಂಡಿತು. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: "ಬಸ್ಸಿನ್ಯಾಗ ಮುಂದಿನ ಸೀಟಿಗಿ ಕುಂತ್ರ ನಡೀತದ. ಜೀಪು, ಬಂಡಿ, ಟ್ರ್ಯಾಕ್ಟರ್ ಬ್ಯಾಡ. ದೂರ ನಡಿಯೋದೂ ಬ್ಯಾಡ."

ಡಾಂಬರು ರಸ್ತೆಯಿಂದ ತೋಟಕ್ಕೆ ಹೋಗುವ ದಾರಿ ಇದೆಯಲ್ಲ, ಅದು ದಾರಿ ಎಂದು ಕರೆಸಿಕೊಳ್ಳುವುದೇ ದೊಡ್ಡ ಮಾತು. ಕೆಂಪು ಗರಸು, ಎದ್ದ ಕಲ್ಲು, ನಡುವೆ ಒಂದು ದಿನ್ನೆ, ಆಮೇಲೆ ಇಳಿಜಾರು. ಹೀಗಾಗಿ ಅತ್ತೆಗೆ ತೋಟ ಕೈತಪ್ಪಿತು. ಮಾವ ವಾರವಾರ ಒಂದು ಚಿಪ್ಪು ಹಣ್ಣು ತಂದು ಮುಂದಿಡುವರು. ಅತ್ತೆ ಹಣ್ಣನ್ನು ತಿರುಗಿಸಿ ನೋಡಿ, "ಇದು ಬಾವಿ ಕಡಿ ಗಿಡದ್ದು. ನೀರು ಸರಿ ಬಿಟ್ಟಿಲ್ಲ," ಎನ್ನುವರು. ಒಂದು ದಿನ ನನ್ನ ತಾಯಿಯ ಮುಂದೆ ಮೆಲ್ಲಗೆ, "ನಾ ಹಚ್ಚಿದ ಗಿಡ ನಾ ನೋಡೋದು ಇನ್ನ ಇಲ್ಲ ಬಿಡ್ರಿ," ಎಂದರು. ಹೊರಗೆ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಮಾವ ಆಮೇಲೆ ಒಂದು ಪುಟವನ್ನೂ ತಿರುವಲಿಲ್ಲ.

ಮರುದಿನವೇ ಅವರ ಕಣ್ಣಿಗೆ ಆ ಸೈಕಲ್ ಬಿತ್ತು. ಗುಡ್ಡಗಾಡಿನಲ್ಲಿ ಹೊಡೆಯುವಂಥ ಡಬಲ್ ಶಾಕರ್ ಸೈಕಲ್ಲುಗಳು ಆಗಷ್ಟೇ ನಮ್ಮ ಕಡೆ ಬರತೊಡಗಿದ್ದವು. ದಪ್ಪ ದಪ್ಪ ಟಾಯರು, ಹ್ಯಾಂಡಲ್ಲಿನ ತುಂಬ ಗೇರು, ಮುಂದಿನ ಚಕ್ರಕ್ಕೆ ಸ್ಪ್ರಿಂಗು, ಸೀಟಿನ ಕೆಳಗೆ ಹಿಂದಿನ ಚಕ್ರಕ್ಕಾಗಿ ಇನ್ನೊಂದು ಕೆಂಪು ಸ್ಪ್ರಿಂಗು. ಅಂಗಡಿಯ ಸೇಠ ಸೀಟನ್ನು ಒತ್ತಿ ತೋರಿಸಿದ. ಅದು ಕೆಳಗೆ ಹೋಗಿ ಮೇಲೆ ಬಂತು. ಮಾವನೂ ಒತ್ತಿದರು. ಮತ್ತೆ ಒತ್ತಿದರು. ಸೇಠ ಬೇರೆ ಗಿರಾಕಿಗಳನ್ನು ಮುಗಿಸಿ ಬಂದಾಗಲೂ ಒತ್ತುತ್ತಲೇ ಇದ್ದರು.

"ಕಲ್ಲಿನ ಮ್ಯಾಲ ಹೋದ್ರೂ ಗಾದಿ ಮ್ಯಾಲ ಕುಂತಂಗ ಇರ್ತದ ಕಾಕಾ," ಎಂದ ಸೇಠ.

"ಇದಕ್ಕ ಕ್ಯಾರಿಯರ್ ಎಲ್ಲದ?"

"ಇದಕ್ಕ ಕ್ಯಾರಿಯರ್ ಬರಂಗಿಲ್ಲ. ಇದು ಒಬ್ಬರ ಶೋಕಿ ಗಾಡಿ."

"ಒಬ್ಬನ ಶೋಕಿ ಯಾರಿಗಿ ಬೇಕಾಗ್ಯಾದ? ಹಾಕು. ನಾಳಿಗಿ ಮಸರು ತಗೊಂಡು ಬರ್ತೀನಿ."

ಸೇಠ ಮೊಸರಿನ ಮಾತನ್ನು ತಮಾಷೆ ಎಂದು ತಿಳಿದ. ಮಾವನನ್ನು ಅರಿಯದವರು ಮಾಡುವ ತಪ್ಪೇ ಅದು. ಮರುದಿನ ಮಾವ ರಾತ್ರಿ ಹೆಪ್ಪು ಹಾಕಿದ ಗಟ್ಟಿ ಮೊಸರಿನ ಗಡಿಗೆಯೊಂದಿಗೆ ಹಾಜರಾದರು. ನನ್ನನ್ನೂ ಎಳೆದುಕೊಂಡು ಹೋಗಿದ್ದರು. ನಾನಾಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಎದುರಿಗೆ ನನ್ನ ವಿದ್ಯಾರ್ಥಿಗಳು ಬೇರೆ ಓಡಾಡುತ್ತಿದ್ದರು.

"ಮಸರ್ಯಾಕ ಮಾಮಾ?" ಎಂದು ನಾನು ಹಲ್ಲು ಕಚ್ಚಿ ಕೇಳಿದೆ.

"ಮಸರಿಂದೂ ನಿಮ್ಮ ಅತ್ತಿ ಬೆನ್ನಿಂದೂ ಒಂದೇ ಗುಣ. ಕುಂತಲ್ಲೇ ಕುಂತ್ರ ಗಟ್ಟಿ. ಧಕ್ಕಿ ಹತ್ತಿದ್ರ ಮುಗೀತು. ಮಸರು ಉಳೀತಂದ್ರ ಬೆನ್ನು ಉಳೀತು."

ಇದು ಮಾವನ ಶಾಸ್ತ್ರ. ಗಡಿಗೆಯನ್ನು ಸೇಠ ಹಾಕಿಸಿಟ್ಟಿದ್ದ ಕ್ಯಾರಿಯರಿಗೆ ಬಿಗಿದು, ಧೋತರ ಮೇಲೆತ್ತಿ ಕಟ್ಟಿ, ಮಾವ ಕೋಟನೂರಿನ ಕಚ್ಚಾ ರಸ್ತೆಯ ಕಡೆ ಹೊರಟರು. ತಿರುಗಿ ಬಂದಾಗ ಬೆನ್ನಿಗೆಲ್ಲ ಮೊಸರು. ಸೇಠ ತನ್ನ ಹೊಸ ಸೈಕಲ್ಲನ್ನು ನೋಡಿ, "ಕಾಕಾ, ಇದು ಸೈಕಲ್ ದುಕಾನ್ ಅದರೀ, ದೂಧ್ ಡೇರಿ ಅಲ್ಲ," ಎಂದು ಹಣೆ ಹಿಡಿದುಕೊಂಡು ಕೂತ.

ಎರಡನೆಯ ಅಂಗಡಿಯ ಸೈಕಲ್ಲಿನ ಸ್ಪ್ರಿಂಗು ಬಲು ಮೆತ್ತಗೆ. ತುಳಿದ ಶಕ್ತಿಯಲ್ಲಿ ಅರ್ಧ ಚಕ್ರಕ್ಕೆ ಹೋದರೆ ಅರ್ಧ ಸ್ಪ್ರಿಂಗಿಗೆ. ಸಪಾಟು ರಸ್ತೆಯಲ್ಲೂ ಮಾವ ಮೇಲೆ ಕೆಳಗೆ ಆಗುತ್ತ, ಕಂಡವರಿಗೆಲ್ಲ ತಲೆ ಬಾಗಿಸುತ್ತ ಹೋದಂತೆ ಕಾಣುತ್ತಿತ್ತು. ಜನ ಪಾಪ, ತಿರುಗಿ ನಮಸ್ಕಾರ ಮಾಡಿದರು. ಎದುರುಮನೆಯ ವಕೀಲರಿಗೂ ಮಾವನಿಗೂ ಕಂಪೌಂಡಿನ ಬೇವಿನ ಗಿಡದ ಸಲುವಾಗಿ ಮಾತು ನಿಂತು ಬಹಳ ಕಾಲವಾಗಿತ್ತು. ಅಷ್ಟು ದೂರದಿಂದ ತಲೆ ಬಾಗಿಸುತ್ತ ಬಂದ ಮಾವನನ್ನು ಕಂಡು ವಕೀಲರು ಕರಗಿಹೋದರು. ಗೇಟು ತೆಗೆದು, "ಬರ್ರಿ, ಆಗಿದ್ದು ಆಗಿಹೋಗ್ಯಾದ, ಚಹಾ ಕುಡಿಯೋಣ," ಎಂದರು. ಮಾವ ಸತ್ಯವಂತರು. "ಅದು ಸ್ಪ್ರಿಂಗಿಂದು ಕೆಲಸರೀ, ನಂದಲ್ಲ," ಎಂದರು. ಜಗಳ ಮತ್ತೆ ಹೊಸದಾಯಿತು.

ಹೀಗೆ ಎರಡು ವರ್ಷ. ಹೊಸ ಮಾಡೆಲ್ ಬಂದಿದೆ ಎಂದು ಸುದ್ದಿ ಸಿಕ್ಕರೆ ಅಂದು ರಾತ್ರಿ ಮನೆಯಲ್ಲಿ ಹಾಲಿಗೆ ಹೆಪ್ಪು ಬೀಳುತ್ತಿತ್ತು. ಒಂದರ ಸ್ಪ್ರಿಂಗು ಕಲ್ಲಿನಷ್ಟು ಬಿರುಸು, ಇನ್ನೊಂದು ಎತ್ತಿನಷ್ಟು ಭಾರ, ಮತ್ತೊಂದಕ್ಕೆ ಬ್ರೇಕು ಹಿಡಿದರೆ ಮೂಗು ಹ್ಯಾಂಡಲ್ಲಿಗೆ. ಮೊಸರು ಮಾತ್ರ ಎಲ್ಲದರಲ್ಲೂ ಒಡೆಯಿತು. ಕೋಟನೂರು ರಸ್ತೆಯ ನಾಯಿಗಳು ಮಾವನ ಗುರುತು ಹಿಡಿದು, ಸೈಕಲ್ ಕಂಡರೆ ಬಾಲ ಅಲ್ಲಾಡಿಸುತ್ತ ಹಿಂದೆ ಬರತೊಡಗಿದವು. ಅತ್ತೆ ಅಂಗಿ ಒಗೆಯಲು ಹಾಕುವಾಗ ಮೂಸಿ ನೋಡಿ, "ಇವತ್ತೂ ನಪಾಸೇನು?" ಎನ್ನುವರು. ನಗುತ್ತಲೇ ಕೇಳುವರು, ಆದರೆ ಉತ್ತರಕ್ಕೆ ಒಂದು ಗಳಿಗೆ ಕಾಯುವರು.

ಕಡೆಗೊಂದು ದಿನ ಮಾವ ಮೊಸರು ಬಿಟ್ಟು ನನ್ನನ್ನೇ ಕ್ಯಾರಿಯರ್ ಮೇಲೆ ಕೂರಿಸಿದರು. ಮೊದಲನೆಯ ಅಂಗಡಿಯಲ್ಲಿ ಇನ್ನೂ ಮಾರಾಟವಾಗದೆ ಉಳಿದಿದ್ದ ಅದೇ ಸೈಕಲ್. ಕೋಟನೂರು ದಾಟುವಷ್ಟರಲ್ಲಿ ನನ್ನ ಹಲ್ಲುಗಳು ಒಂದಕ್ಕೊಂದು ಪರಿಚಯ ಮಾಡಿಕೊಂಡವು.

"ಮಾಮಾ, ನಿಲ್ಲಸ್ರಿ, ನನ್ನ ಸೊಂಟ ಹೋಗ್ಯಾದ."

"ಹೌದೇನು? ನನಗೇನೂ ಆಗಿಲ್ಲಲ್ಲೋ," ಎಂದ ಮಾವ ಇದ್ದಕ್ಕಿದ್ದಂತೆ ಸೈಕಲ್ ನಿಲ್ಲಿಸಿ, ರಸ್ತೆಯ ಮೇಲೆ ಅಂಗಾತ ಮಲಗಿ, ಅದರ ಹೊಟ್ಟೆಯನ್ನು ನೋಡತೊಡಗಿದರು. ಆ್ಯಕ್ಸಿಡೆಂಟ್ ಆಗಿದೆ ಎಂದು ಜನ ಓಡಿ ಬಂದರು. ಒಬ್ಬಾಕೆ ಬಾಯಿಗೆ ನೀರು ಹಾಕಲು ಚೆಂಬು ತಂದಳು. ಮಾವ ಮಲಗಿದಲ್ಲಿಂದಲೇ ನನ್ನನ್ನು ಕರೆದು ತೋರಿಸಿದರು. ಸೀಟು ಸ್ಪ್ರಿಂಗಿನ ಮೇಲಿತ್ತು. ಕ್ಯಾರಿಯರಿನ ಕಾಲುಗಳು ಮಾತ್ರ ನೆಟ್ಟಗೆ ಹಿಂದಿನ ಚಕ್ರದ ಅಚ್ಚಿಗೆ ಕೂತಿದ್ದವು. ಚಕ್ರ ತಿಂದ ಪೆಟ್ಟನ್ನೆಲ್ಲ ಕ್ಯಾರಿಯರೂ ತಿನ್ನುತ್ತಿತ್ತು.

"ನೋಡು, ಹೊಡಿಯಾವನಿಗಿ ಗಾದಿ, ಹಿಂದ ಕುಂತವರಿಗಿ ಕಲ್ಲು. ಯಾವ ನ್ಯಾಯ ಇದು?" ಎಂದು ಮಾವ ನಿಜವಾಗಿ ಸಿಟ್ಟಾದರು.

ಸೈಕಲ್ ಕೊಂಡರು. ಸೇಠ ಬೇಡವೆಂದರೂ ಕೇಳದೆ ವೆಲ್ಡಿಂಗ್ ಅಂಗಡಿಗೆ ಒಯ್ದು, ಚಕ್ರವನ್ನು ಮುಟ್ಟದಂತೆ ಸೀಟಿನ ಕೆಳಗಿನ ಚೌಕಟ್ಟಿಗೇ ದಪ್ಪ ಸರಳಿನ ಕ್ಯಾರಿಯರ್ ಬೆಸುಗೆ ಹಾಕಿಸಿದರು, ಮೇಲೊಂದು ಗಾದಿ ಹೊಲಿಸಿದರು. ಮತ್ತೆ ಮೊಸರು, ಮತ್ತೆ ಕೋಟನೂರು. ಅಂದು ಗಡಿಗೆಯ ಮುಚ್ಚಳ ತೆಗೆದರೆ ಕೆನೆ ಕೂಡ ಬಿರಿದಿರಲಿಲ್ಲ. ಮಾವ ಬೀದಿಯವರಿಗೆಲ್ಲ ತೋರಿಸುತ್ತ ಬಂದರು. ನಾಯಿಗಳಿಗೆ ಮಾತ್ರ ಬಹಳ ನಿರಾಶೆಯಾಯಿತು.

ಆ ಭಾನುವಾರವೇ ಕಮಲಾಪುರ. ಸೈಕಲ್ ಬಸ್ಸಿನ ಮೇಲೆ, ಅತ್ತೆ ಮುಂದಿನ ಸೀಟಿಗೆ, ಮಾವ ಪಕ್ಕದಲ್ಲಿ, ನಾನು ಹಿಂದೆ. ಗಡಿಗೆಯೂ ಬಂದಿತ್ತು. "ಸಾಕ್ಷಿಗಿ ಇರಲಿ," ಎಂದಿದ್ದರು ಮಾವ. ಡಾಂಬರು ರಸ್ತೆಯಲ್ಲಿ ಇಳಿದ ಮೇಲೆ ಅತ್ತೆ ಸೆರಗು ಬಿಗಿದು, ಗಾದಿಯ ಮೇಲೆ ಒಂದು ಪಕ್ಕಕ್ಕೆ ಕೂತು, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮಾವ ಸಣ್ಣ ಗೇರಿಗೆ ಹಾಕಿ ತುಳಿದರು. ನಾನು ಹಿಂದೆ ಹಿಂದೆ ನಡೆದೆ.

ದಿನ್ನೆಯ ತನಕ ಸರಿಯಿತ್ತು. ಇಳಿಜಾರಿನಲ್ಲಿ ಕಲ್ಲುಗಳು ಶುರುವಾದವು. ಇಬ್ಬರ ಭಾರಕ್ಕೆ ಸ್ಪ್ರಿಂಗು ಪೂರಾ ಕೂತು, ಕಟ್ ಎಂದು ಸದ್ದು ಮಾಡುವುದು ನನಗೆ ಅಷ್ಟು ದೂರಕ್ಕೂ ಕೇಳಿಸಿತು. ಗಡಿಗೆಗೆ ಇದ್ದ ತೂಕವೆಷ್ಟು, ಅತ್ತೆಗೆ ಇದ್ದ ತೂಕವೆಷ್ಟು? ಮಾವನ ಶಾಸ್ತ್ರದಲ್ಲಿ ಆ ಒಂದು ಲೆಕ್ಕ ಬಿಟ್ಟುಹೋಗಿತ್ತು.

"ಹೆಂಗದ?" ಎಂದು ಮಾವ ತಿರುಗದೆಯೇ ಕೇಳಿದರು.

"ಛಲೋ ಅದರೀ. ಹೊಡೀರಿ," ಎಂದರು ಅತ್ತೆ. ಒಂದು ಕೈ ಗಡಿಗೆಯ ಮೇಲಿತ್ತು, ಇನ್ನೊಂದು ಮಾವನ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು.

ತೋಟ ಮುಟ್ಟಿದೆವು. ಮಾವ ಬೆವರು ಒರೆಸಿಕೊಳ್ಳುತ್ತ ಮುಖ ತೊಳೆಯಲು ಬಾವಿಯ ಕಡೆ ಹೋದರು. ಅತ್ತೆ ಗುಡಿಸಲಿನ ನೆರಳಿನಲ್ಲಿ ಮೆಲ್ಲಗೆ ಕೂತು ಗಡಿಗೆಯ ಮೇಲಿನ ಬಟ್ಟೆ ಬಿಚ್ಚಿದರು. ನಾನೂ ಬಗ್ಗಿ ನೋಡಿದೆ. ಮೊಸರು ಪೂರ್ತಿ ಒಡೆದು, ನೀರು ಬೇರೆ, ಗಡ್ಡೆ ಬೇರೆ ಆಗಿತ್ತು. ಅತ್ತೆ ಒಮ್ಮೆ ಅದನ್ನು ನೋಡಿದರು, ಒಮ್ಮೆ ಬಾವಿಯ ಕಡೆ ನೋಡಿದರು. ಬುತ್ತಿಯ ಗಂಟಿನಿಂದ ಉಪ್ಪು ತೆಗೆದು ಹಾಕಿ, ತಂಬಿಗೆಯ ನೀರನ್ನು ಪೂರಾ ಸುರಿದು, ಕೈಯಿಂದಲೇ ಗರಗರ ಕಲೆಸಿಬಿಟ್ಟರು.

"ಅತ್ತಿ, ಬೆನ್ನು ನೊಂದದೇನ್ರಿ?" ಎಂದೆ.

"ಸುಮ್ನಿರು ತಮ್ಮಾ. ಎರಡು ವರ್ಷ ಈ ಮಸರು ಹೊತಗೊಂಡು ಊರೆಲ್ಲ ತಿರಗ್ಯಾರ ಅವರು."

ಮಾವ ಮುಖ ಒರೆಸಿಕೊಳ್ಳುತ್ತ ಬಂದರು. "ಎಲ್ಲಿ, ಮಸರು ತೋರಸು."

"ಬಿಸಿಲಾಗ ಬಂದೀರಿ ಅಂತ ಮಜ್ಜಿಗಿ ಮಾಡೀನಿ. ಕುಡೀರಿ."

"ಅಯ್ಯ, ನಾ ನೋಡಬೇಕಾಗಿತ್ತಲ್ಲ. ಹೆಂಗಿತ್ತು?"

"ಚಾಕುಲಿಂದ ಕೊಯ್ದ್ರ ಹೋಳಾಗತಿತ್ತು, ಹಂಗಿತ್ತು," ಎಂದು ಅತ್ತೆ ಸೊಂಟಕ್ಕೆ ಕೈ ಕೊಟ್ಟು ಎದ್ದು, ಬಾವಿ ಕಡೆಯ ಗಿಡದತ್ತ ನಡೆದರು. ಅದರ ಬೊಡ್ಡೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಆ ದಂಪತಿಗಳನ್ನು ನೋಡಿ ಅದುವರೆಗೆ ನಕ್ಕಿದ್ದೇ ಹೆಚ್ಚು, ಅಂದು ಮಾತ್ರ ಅವರ ಮೇಲೆ ಅಸೂಯೆಯಾಯಿತು.

ಮಾವ ಲೋಟ ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಗೆದ್ದವರ ಮುಖದಿಂದ ನನ್ನ ಕಡೆ ತಿರುಗಿದರು. "ನೋಡಿದೇನು? ನಾ ಹೇಳಿದ್ನಿಲ್ಲ?"

"ಹೌದ್ರಿ ಮಾಮಾ," ಎಂದು ನಾನೂ ಒಂದು ಲೋಟ ಮಜ್ಜಿಗೆ ತೆಗೆದುಕೊಂಡೆ.