ವರಹಾಲಮ್ಮನವರ ಒಂದಡುಗು

ತೆಲುಗರ ಮೇಲೆ ನನಗೆ ಬೇರೆ ಯಾವ ದೂರೂ ಇಲ್ಲ. ಹೆಣ್ಣು ಕೊಟ್ಟಿದ್ದಾರೆ, ಅನ್ನ ಹಾಕಿದ್ದಾರೆ, ಸಾಮರ್ಲಕೋಟದ ಈ ಬೀದಿಯಲ್ಲಿ ಚಿಕ್ಕವರು ದೊಡ್ಡವರೆಲ್ಲ ನನ್ನನ್ನು ‘ಅಲ್ಲುಡುಗಾರು’ ಎಂದು, ಅಂದರೆ ಅಳಿಯಂದಿರು ಎಂದು, ಮರ್ಯಾದೆಯಿಂದ ಕರೆಯುತ್ತಾರೆ. ನನ್ನ ತಕರಾರೆಲ್ಲ ಅವರ ‘ಅಡುಗು’ ಎಂಬ ಒಂದೇ ಒಂದು ಪದದ ಮೇಲೆ.

ಅಡುಗು ಅಂದರೆ ನಮ್ಮ ಅಡಿ, ಹನ್ನೆರಡು ಅಂಗುಲದ್ದು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೆಜ್ಜೆಯೂ ಅಡುಗೇ, ಪಾತ್ರೆಯ ತಳವೂ ಅಡುಗೇ, ಸಾಲದ್ದಕ್ಕೆ ‘ಕೇಳು’ ಅನ್ನುವುದಕ್ಕೂ ಅಡುಗೇ! ಮದುವೆಯಲ್ಲಿ ಪುರೋಹಿತರು “ಏಡಡುಗುಲು” ಎಂದು ಕೂಗಿದಾಗ, ಇವರಿಗೆ ಏಳಡಿಯ ವರ ಬೇಕಾಗಿತ್ತೇನೋ ಎಂದು ಐದೂಕಾಲು ಅಡಿಯ ನಾನು ಬೆವತುಹೋಗಿದ್ದೆ. (ಅದು ಸಪ್ತಪದಿ.) ಹೊಸದರಲ್ಲಿ ನನ್ನ ಹೆಂಡತಿ ಪ್ರಸೂನ “ಅನ್ನಂ ಅಡುಗಂಟಿಂದಿ” ಎಂದು ಅಳುಮೋರೆ ಮಾಡಿಕೊಂಡು ಬಂದಾಗ, ಅಡುಗೆ ಆಯಿತು ಎಂಬ ಶುಭವಾರ್ತೆಯೆಂದು ತಿಳಿದು ಎಲೆಯ ಮುಂದೆ ಕೂತಿದ್ದೆ. (ಅನ್ನ ತಳ ಹಿಡಿದಿತ್ತು.)

ಆಮೇಲೆ ಹಟ ಹಿಡಿದು ತೆಲುಗು ಕಲಿತೆ. ಎಷ್ಟು ಕಲಿತೆನೆಂದರೆ, ತೆಲುಗರನ್ನೇ ತಿದ್ದತೊಡಗಿದೆ. ಈ ಬೇಸಿಗೆಯ ಅನಾಹುತಕ್ಕೆ ಮೂಲ ಆ ಪಾಂಡಿತ್ಯವೇ.

ನಾನು ಮನೆ ಅಳಿಯ. ಮಾವ ಚಲಪತಿರಾವು ಅವರ ಮನೆಯಲ್ಲೇ ವಾಸ. ಹಾಗಿದ್ದೂ ಮಾವನನ್ನು ಏನನ್ನೂ ಕೇಳುವವನಲ್ಲ ಎಂಬುದೊಂದೇ ನನ್ನ ಸ್ವಯಾರ್ಜಿತ ಘನತೆ. ಪಕ್ಕದ ಮನೆ ವರಹಾಲಮ್ಮನವರದು; ಗಂಡ ತೀರಿಹೋದ ಮೇಲೆ ಒಬ್ಬರೇ ಇದ್ದಾರೆ. ಪ್ರಸೂನ ಅವರನ್ನು ‘ಪಿನ್ನಿ’ ಎನ್ನುತ್ತಾಳೆ, ಚಿಕ್ಕಮ್ಮ ಅಂತ. ಎರಡು ಮನೆಗಳ ನಡುವಿನ ತೆಂಗಿನ ಗರಿಯ ತಡಿಕೆಯನ್ನು ಗೆದ್ದಲು ತಿಂದದ್ದರಿಂದ, ಅಲ್ಲಿ ಇಟ್ಟಿಗೆ ಗೋಡೆ ಕಟ್ಟಿಸುವ ಸಂಕಲ್ಪ ಮಾಡಿ ಮೇಸ್ತ್ರಿ ಪೋಲಯ್ಯನಿಗೆ ಹೇಳಿಕಳಿಸಿದೆ.

ಮರುದಿನ ಬೆಳಿಗ್ಗೆ ನೀರಿನ ಪಂಪು ಗರಗರ ಅನ್ನುತ್ತಿತ್ತು. ತಡಿಕೆಯ ಆಚೆಯಿಂದ ವರಹಾಲಮ್ಮನವರು ಕೈಯೆತ್ತಿ ಏನೋ ಕೂಗಿದರು. ಪಂಪಿನ ಸದ್ದಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಇಷ್ಟು: “ಬಾಬೂ, ಗೋಡ... ಒಕ್ಕ... ಅಡುಗು!”

ಒಂದು ಅಡಿ! ನನ್ನ ಮೈಯೆಲ್ಲ ಉರಿಯಿತು. ಒಳಗೆ ಓಡಿದೆ.

“ಪ್ರಸೂನಾ! ನಿನ್ನ ಪಿನ್ನಿಗೆ ನಮ್ಮ ಜಾಗ ಒಂದಡಿ ಬೇಕಂತೆ!”

“ಪಿನ್ನಿಗಾ? ಅವರು ಹಾಗೆಲ್ಲ ಕೇಳೋರಲ್ಲ. ನೀವು ಸರಿಯಾಗಿ ಕೇಳಿಸ್ಕೊಂಡ್ರಾ?”

“ನನ್ನ ತೆಲುಗಿನ ಮೇಲೆ ಅನುಮಾನವಾ ನಿನಗೆ?”

“ತೆಲುಗಿನ ಮೇಲೆ ಅಲ್ಲ, ನಿಮ್ಮ ಮೇಲೆ. ನಮ್ಮ ನಾನ್ನ ಇಸ್ಪೀಟಾಟ ಮುಗಿಸಿ ಬರ್ತಾರೆ, ಅವರನ್ನ ಒಂದು ಮಾತು ಕೇಳಿ.”

“ಗಡಿ ಕಾಯೋದಕ್ಕೆ ನಿಮ್ಮಪ್ಪನ ಅಪ್ಪಣೆ ಬೇರೆ ಬೇಕಾ?” ಎಂದು ಪಂಚೆ ಎತ್ತಿ ಕಟ್ಟಿದೆ.

ವರಹಾಲಮ್ಮನವರು ಅಂಗಳದಲ್ಲಿ ಕೂತು, ಆವಕಾಯಿಗೆ ಹೆಚ್ಚಿದ ಮಾವಿನ ಹೋಳುಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. “ಏನು ಬಾಬೂ, ಇಷ್ಟು ಬೇಗ ಕೇಳ್ಕೊಂಡು ಬಂದೆಯಾ?” ಎಂದರು ನಗುತ್ತ.

“ಒಂದಡಿ ಅಲ್ಲ, ಒಂದು ಅಂಗುಲ ಕೂಡ ಬಿಡೋದಿಲ್ಲ!” ಎಂದೆ, ಬೀದಿಗೆಲ್ಲ ಕೇಳುವ ಹಾಗೆ.

“ಅಯ್ಯೋ, ನಾನು ಹೇಳಿದ್ದು...”

“ನೀವು ಹೇಳಿದ್ದು ಚೆನ್ನಾಗೇ ಅರ್ಥ ಆಯ್ತು. ಗಂಡಸಿಲ್ಲದ ಮನೆ ಅಂತ ನೋಡಿದರೆ ತಲೆ ಮೇಲೇ ಹತ್ತುತ್ತೀರಾ?”

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ವರಹಾಲಮ್ಮನವರ ಕೈ ಹೋಳಿನ ಮೇಲೆ ನಿಂತಿತು. “ಅಳತೆ ಹಾಕ್ಸು ಬಾಬೂ” ಎಂದಷ್ಟೇ ಹೇಳಿ ಮತ್ತೆ ಒರೆಸತೊಡಗಿದರು.

ಅಳತೆ ಹಾಕಿಸಿದೆ. ಬೀದಿ ಕಡೆಗೊಂದು, ಹಿತ್ತಲ ಕಡೆಗೊಂದು ಹಳೆಯ ಗಡಿ ಕಲ್ಲುಗಳಿದ್ದವು. ಒಂದರಿಂದ ಇನ್ನೊಂದಕ್ಕೆ ದಾರ ಎಳೆಯಲು ಪೋಲಯ್ಯನಿಗೆ ಅಪ್ಪಣೆ ಕೊಟ್ಟೆ. ನನ್ನ ಗಂಟಲಿಗೆ ಮೊದಲೇ ಜನ ಸೇರಿದ್ದರು. ಸಾಕ್ಷಿಗಳಿರಲಿ ಎಂದು ಇನ್ನಷ್ಟು ಜನರನ್ನು ನಾನೇ ಕರೆದೆ.

ದಾರ ತಡಿಕೆಯ ಗುಂಟ ಬರಬೇಕಲ್ಲ? ಬರಲಿಲ್ಲ. ನಮ್ಮ ಅಡುಗೆಮನೆಯ ಗೋಡೆಗೆ ಬಂದು ತಗುಲಿತು.

“ಅಲ್ಲುಡುಗಾರೂ, ನಿಮ್ಮ ಗೋಡೆ ಅಡ್ಡ ಬರ್ತದೆ” ಎಂದ ಪೋಲಯ್ಯ.

“ದಾರ ಸಡಿಲ ಇರಬೇಕು. ಎಳಿ! ಬೇಕಾದರೆ ಕಿಟಕಿಯಿಂದ ತೂರಿಸು!” ಎಂದೆ. ಆಗಲಾದರೂ ಸುಮ್ಮನಾಗಬಹುದಿತ್ತು.

ದಾರ ಬೀದಿ ಕಡೆಯ ಕಿಟಕಿಯಿಂದ ಒಳಗೆ ಹೋಗಿ ಹಿತ್ತಲ ಕಡೆಯ ಕಿಟಕಿಯಿಂದ ಹೊರಗೆ ಬಂತು. ಬಿಗಿಯಾಗಿ ಎಳೆದು ಕಟ್ಟಿದರು. ಒಳಗಿಂದ ಪ್ರಸೂನಳ ದನಿ ಕೇಳಿತು: “ಏನ್ರೀ! ನಾನು ಈ ಕಡೆ, ನನ್ನ ಒಲೆ ಆ ಕಡೆ! ಈಗ ಇದು ಯಾರ ಮನೆ ಒಲೆ?”

ಕಿಟಕಿಯಲ್ಲಿ ಇಣುಕಿದೆ. ಸೌಟು ಹಿಡಿದ ಪ್ರಸೂನ ನಮ್ಮ ಸೀಮೆಯಲ್ಲಿದ್ದಳು. ಒಲೆ, ಅನ್ನದ ತಪ್ಪಲೆ, ಒಗ್ಗರಣೆ ಡಬ್ಬಿಗಳ ಸಮೇತ ಗೋಡೆ ಕಡೆಯ ಒಂದಡಿ ಸಾಮ್ರಾಜ್ಯ ವರಹಾಲಮ್ಮನವರ ಆಳ್ವಿಕೆಯಲ್ಲಿತ್ತು. ಅನ್ನ ಸೀದ ವಾಸನೆ ಬರತೊಡಗಿತ್ತು.

“ಅನ್ನ ಇಳಿಸ್ಬೇಕಾದ್ರೆ ವರಹಾಲಮ್ಮನ್ನ ಅಡುಗಮ್ಮಾ ಪ್ರಸೂನಾ!” ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಬೀದಿಗೆ ಬೀದಿಯೇ ನಕ್ಕಿತು. ವರಹಾಲಮ್ಮನವರು ಮಾತ್ರ ನಗಲಿಲ್ಲ. ಅವರು ನಕ್ಕಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಮಾವನವರು ಬಂದರು. ಕೈಯಲ್ಲಿ ಇಸ್ಪೀಟೆಲೆ ಹಾಗೇ ಇತ್ತು.

“ಯಾರು ಈ ದಾರ ಕಟ್ಟಿಸಿದ್ದು?”

ಎಲ್ಲರೂ ನನ್ನನ್ನು ತೋರಿಸಿದರು. ಪೋಲಯ್ಯ ಎರಡೂ ಕೈಯಲ್ಲಿ ತೋರಿಸಿದ.

“ನನ್ನ ಒಂದು ಮಾತು ಕೇಳಬಾರದಾಗಿತ್ತಾ ಅಲ್ಲುಡುಗಾರೂ?” ಎಂದರು ಮಾವ, ತಲೆ ತಗ್ಗಿಸಿ. “ತುಫಾನಿಗೆ ನಮ್ಮ ಅಡುಗೆಮನೆ ಬಿದ್ದಾಗ ಪ್ರಸೂನ ಕೈಕೂಸು. ಕಟ್ಟೋಕೆ ಜಾಗ ಸಾಲ್ದೇ ನಿಂತಿದ್ದೆ. ‘ಒಂದಡಿ ಈ ಕಡೆ ಬಾರಯ್ಯಾ, ಕೂಸಿನ ತಾಯಿ ಹೊಗೇಲಿ ಬೇಯೋದು ಬೇಡ’ ಅಂದೋರು ಇವರ ಯಜಮಾನರು. ಅವತ್ತಿಂದ ಇವತ್ತಿನವರೆಗೂ ಈ ತಾಯಿ ಅದನ್ನ ಎತ್ತಿ ಆಡಿಲ್ಲ.”

“ಅದಕ್ಕೇ ಬಾಬೂ, ನಾನು ಕೂಗಿ ಹೇಳಿದ್ದು,” ಎಂದರು ವರಹಾಲಮ್ಮ. “ಗೋಡೆ ಕಟ್ಟೋ ಮುಂಚೆ ನಿಮ್ಮ ಮಾವನೋರ್ನ ಒಕ್ಕಸಾರಿ ಅಡುಗು ಅಂತ. ದಾರ ನೇರ ಎಳೆದ್ರೆ ನಿಮ್ಮ ಅಡುಗೆಮನೆ ಕೆಡವಬೇಕಾಗ್ತದಲ್ಲಾ.”

ಒಮ್ಮೆ ಕೇಳು! ಅದನ್ನು ನಾನು ಒಂದಡಿ ಮಾಡಿ, ಬೀದಿ ಕೂಡಿಸಿ, ಗಂಡ ಸತ್ತ ಹೆಂಗಸಿಗೆ ಆಡಬಾರದ್ದನ್ನು ಆಡಿದ್ದೆ. ಆ ಗಳಿಗೆಯಲ್ಲಿ ತೆಲುಗಿನ ಅಡುಗು ಪೂರ್ತಿ ಮರೆತು ಕನ್ನಡದ ‘ಅಡಗು’ ಒಂದೇ ನೆನಪಾಯಿತು. ಹೋಗಿ ಭತ್ತದ ಮೂಟೆಗಳ ಹಿಂದೆ ಕೂತೆ.

ಮಧ್ಯಾಹ್ನ ಪ್ರಸೂನ ಅಲ್ಲಿಗೇ ತಟ್ಟೆ ತಂದಿಟ್ಟಳು. ಎಲ್ಲರಿಗೂ ಮೇಲಿನ ಅನ್ನ, ನನಗೆ ತಳದ್ದು.

“ತಿಂದು ಎದ್ದು ಹೋಗಿ, ಪಿನ್ನೀನ ಕೇಳ್ಕೊಂಡು ಬನ್ನಿ.”

“ಏನಂತ ಕೇಳಲಿ?”

“ಅದನ್ನೂ ನಾನೇ ಹೇಳ್ಕೊಡಲಾ? ತೆಲುಗು ಪಂಡಿತರು ನೀವು.”

ಸಂಜೆ ಹೋದೆ. ವರಹಾಲಮ್ಮನವರು ಸಾಸಿವೆ ಪುಡಿ, ಖಾರ, ಎಣ್ಣೆ ಹಾಕಿ ಹೋಳು ಕಲಸುತ್ತಿದ್ದರು. ನಾನು ಕಂಬದ ಹತ್ತಿರ ನಿಂತೆ.

“ಬಂದಿದ್ದೀಯಲ್ಲ, ಅಡುಗು” ಎಂದರು ತಲೆಯೆತ್ತದೆ.

“ಜಾಗದ ವಿಷಯ ಅಲ್ಲ... ಬೆಳಿಗ್ಗೆ ಒಂದು ಮಾತು ಅಂದೆನಲ್ಲ, ಅದು...”

“ಜಾಗ ಬಿಡು. ಅದು ನಿನಗೆ ಕೊಟ್ಟದ್ದಲ್ಲ, ಪ್ರಸೂನಂಗೆ ಕೊಟ್ಟದ್ದು. ಆ ಮಾತು ಮಾತ್ರ ನೋಯ್ತು ಬಾಬೂ.” ಸೆರಗಿನಿಂದ ಕಣ್ಣು ಒರೆಸಿಕೊಂಡರು. (ಖಾರದ ಪುಡಿಯ ಘಾಟು ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನವಾಗಲಿಲ್ಲ.) ಆಮೇಲೆ ಮೂಲೆಯಲ್ಲಿದ್ದ, ನನ್ನ ಸೊಂಟದೆತ್ತರದ ಉಪ್ಪಿನಕಾಯಿ ಜಾಡಿಗಳನ್ನು ತೋರಿಸಿದರು.

“ಅವನ್ನೆಲ್ಲ ಎತ್ತಿ ಒಳಗಿಡು. ಗಂಡಸಿಲ್ಲದ ಮನೆ ಅಲ್ವಾ?”

ಎತ್ತಿದೆ. ಈಗಲೂ ಎತ್ತುತ್ತಿದ್ದೇನೆ. ಅವರ ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ತೆಂಗಿನಕಾಯಿ ರಾಶಿ, ಎಲ್ಲಕ್ಕೂ ಕರೆ ಬರುತ್ತದೆ.

ಗೋಡೆಯೂ ಎದ್ದಿತು. ನೇರವಾಗಿ ಬಂದು, ನಮ್ಮ ಅಡುಗೆಮನೆಯ ಹತ್ತಿರ ಸೊಟ್ಟಗೆ ತಿರುಗಿ ಅದನ್ನು ಬಳಸಿ, ಮತ್ತೆ ನೇರವಾಗಿ ಹೋಗುತ್ತದೆ. ಆ ಸೊಟ್ಟಕ್ಕೆ ಬೀದಿಯವರು ‘ಅಲ್ಲುಡುಗಾರಿ ವಂಕರ’, ಅಂದರೆ ಅಳಿಯಂದಿರ ಸೊಟ್ಟ, ಎಂದು ನಾಮಕರಣ ಮಾಡಿದ್ದಾರೆ. ಯಾರ ಮನೆಗಾದರೂ ದಾರಿ ಹೇಳಬೇಕಾದರೆ ಅಲ್ಲಿಂದಲೇ ಎಣಿಸುತ್ತಾರೆ.

ಮೊನ್ನೆ ಫ್ಯಾನು ರಿಪೇರಿಯವನೊಬ್ಬ ಬಾಗಿಲಿಗೆ ಬಂದ. “ಅಲ್ಲುಡುಗಾರಿ ವಂಕರ ಇದೇನಾ?”

“ಇದೇ.”

ಅವನು ಗೋಡೆ ನೋಡಿದ. ನನ್ನನ್ನೂ ನೋಡಿದ. “ಆ ಅಲ್ಲುಡುಗಾರು ಅಂದ್ರೆ ನೀವೇನಾ ಸಾರ್?”

“ಛೆ, ನಾನು ಬಾಡಿಗೆಗಿರೋನು” ಎಂದೆ.

ಸೊಟ್ಟ ಗೋಡೆಯ ಮೇಲಿಂದ ವರಹಾಲಮ್ಮನವರ ತಲೆ ಎದ್ದಿತು. ಈ ಸಲ ಪಂಪು ಓಡುತ್ತಿರಲಿಲ್ಲ. ಒಂದೊಂದು ಅಕ್ಷರವೂ ಬೀದಿಗೆಲ್ಲ ಕೇಳಿಸಿತು.

“ಅವನೇ ಕಣಯ್ಯಾ! ನಮ್ಮ ಅಲ್ಲುಡೇ!”