ಅಂದಪ್ಪನ ಎರಡನೇ ಮೃತ್ಯುಪತ್ರ

ಸಿದ್ದಲಿಂಗೇಶನ ಗೃಹಪ್ರವೇಶದ ಕಾರ್ಡಿನಲ್ಲಿ ಇಪ್ಪತ್ಮೂರು ಮಂದಿಯ ಹೆಸರಿತ್ತು. ಮನೆ ಕಟ್ಟಿದ ಗೌಂಡಿಯ ಹೆಸರೂ ಇತ್ತು. ಸ್ವಂತ ದೊಡ್ಡಪ್ಪ ಅಂದಪ್ಪನದು ಮಾತ್ರ ಇರಲಿಲ್ಲ.

ಮಕ್ಕಳಿಲ್ಲದ ಅಂದಪ್ಪ ಹತ್ತು ವರ್ಷದ ಹಿಂದೆಯೇ ಮುಳಗುಂದದ ಮನೆಯನ್ನು ಈ ತಮ್ಮನ ಮಗನಿಗೆ ಬರೆದಿಟ್ಟಿದ್ದ. ಈಗ ಸಿಟ್ಟು ನೆತ್ತಿಗೇರಿತು. ಇವತ್ತೇ ಗದಗಿಗೆ ಹೋಗಿ ಹೊಸ ಮೃತ್ಯುಪತ್ರ ಮಾಡಿಸಿ, ಮನೆಯನ್ನು ಹೆಂಡತಿ ಸಾವಿತ್ರೆವ್ವನಿಗೆ ಬರೆಯುವುದೆಂದು ನಿಶ್ಚಯಿಸಿದ. ಅವಳಿಗೆ ಆಮೇಲೆ ಹೇಳಿದರಾಯಿತು, ಖುಷಿಪಡುತ್ತಾಳೆ.

ಸಾಕ್ಷಿಗೆಂದು ಪಕ್ಕದ ಮನೆಯ ದರ್ಜಿ ಇಸ್ಮಾಯಿಲಸಾಬನನ್ನು ಕರೆದ. ಎದುರುಮನೆಯ ಮುತ್ತವ್ವ ಕರೆಯದೆಯೇ ಬಂದಳು. ಬಸ್ಸಿನಲ್ಲಿ ಅವಳೇ, "ಅಣ್ಣಾರು ಮೃತ್ಯುಪತ್ರ ಬರಸಾಕ ಹೊಂಟಾರ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮಂದಿ ಎದ್ದು ಸೀಟು ಕೊಟ್ಟರು. ಗದಗ ಬರುವಷ್ಟರಲ್ಲಿ ಮೂವರು ಮೂರು ಡಾಕ್ಟರರ ಹೆಸರು ಹೇಳಿದ್ದರು.

ಬಾಂಡ್ ರೈಟರ್ ಪೆನ್ನು ಹಿಡಿದದ್ದೇ ತಡ, ಮುತ್ತವ್ವ ಬಾಯಿ ಹಾಕಿದಳು. "ಇವರ ಬಚ್ಚಲ ನೀರು ನನ್ನ ಅಂಗಳಕ್ಕ ಬರಬಾರದು ಅಂತನೂ ಬರೀರಿ."

"ನನ್ನ ಹೊಲಿಗಿ ಮಷೀನು ಇವರ ಕಟ್ಟಿ ಮ್ಯಾಲ ಇರ್ಲಿ ಅಂತ ಒಂದ್ ಸಾಲು," ಎಂದ ಇಸ್ಮಾಯಿಲಸಾಬ.

ರೈಟರ್ ಮನೆಯ ಕಾಗದ ಕೇಳಿದ. ಅಂದಪ್ಪ ಟ್ರಂಕಿನಿಂದ ತಂದಿದ್ದ ತೆರಿಗೆ ಪಾವತಿಯ ಚೀಟಿ ಕೊಟ್ಟ. ಯಾವತ್ತೂ ಹೋಗಿ ತೆರಿಗೆ ಕಟ್ಟುವವಳು ಸಾವಿತ್ರೆವ್ವ. ಆ ಚೀಟಿಯನ್ನು ಅವನು ಬಿಚ್ಚಿ ನೋಡಿದವನಲ್ಲ.

"ಮಾಲಕರು ಸಾವಿತ್ರೆವ್ವ ಅಂತ ಐತ್ರಿ."

"ಆಕಿ ನನ್ನ ಹೆಂಡ್ತಿ."

"ಹೌದ್ರಿ. ಮನಿನೂ ಆಕಿದ."

ಜಾಗವನ್ನು ಮಾವ ಮಗಳ ಹೆಸರಿಗೆ ಕೊಟ್ಟಿದ್ದ. ಅದರ ಮೇಲೆ ಗೋಡೆ ಎಬ್ಬಿಸಿದ ಅಂದಪ್ಪ ಮೂವತ್ತು ವರ್ಷ 'ನನ್ನ ಮನಿ' ಎನ್ನುತ್ತಾ ಅದನ್ನು ಮರೆತೇಬಿಟ್ಟಿದ್ದ. ಆದರೂ ಅವನಿಗೆ ಒಳಗೊಳಗೇ ಸಮಾಧಾನವಾಯಿತು.

"ಛಲೋ ಆತು ಬಿಡ್ರಿ. ಆಕಿದ ಅಂದಮ್ಯಾಲ ಆ ಸಿದ್ದಲಿಂಗೇಶಗ ಒಂದು ಹಂಚೂ ಸಿಗೂದಿಲ್ಲ."

ಇಸ್ಮಾಯಿಲಸಾಬ ಮುತ್ತವ್ವನ ಮುಖ ನೋಡಿದ. "ಅಣ್ಣಾರ, ಹೋದ ವರ್ಷ ಸಾವಿತ್ರೆವ್ವಾರೂ ಮೃತ್ಯುಪತ್ರ ಮಾಡಿಸ್ಯಾರ್ರಿ. ಸಾಕ್ಷಿ ನಾವ ಇಬ್ಬರು. ಯಾರಿಗೂ ಹೇಳಬ್ಯಾಡ್ರಿ ಅಂತ ಆಣಿ ಮಾಡಿಸ್ಕೊಂಡಿದ್ರು."

"ಯಾರಿಗೆ ಬರದಾಳ?"

"ಸಿದ್ದಲಿಂಗೇಶಗ," ಎಂದಳು ಮುತ್ತವ್ವ. "ಟ್ರಂಕಿನ್ಯಾಗ ನಿಮ್ಮ ಹಳೇ ಕಾಗದ ಸಿಕ್ಕಿತ್ತಂತ. ಮನಿ ತನ್ನ ಹೆಸರಿಲೆ ಐತಿ, ನಿಮ್ಮ ಬರಹ ನಡಿಯೂದಿಲ್ಲ, ಗಂಡನ ಆಸೆ ಕೆಡಬಾರದು ಅಂತ ತಾನ ಬರದು ನೋಂದಣಿ ಮಾಡಿಸ್ಯಾಳ."

ಅಂದಪ್ಪ ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. "ಅದನ್ನ ಬದಲಿ ಮಾಡಸು ಮಾರಾಯ್ತಿ," ಎಂದು ಅಂಗಲಾಚಿದ.

ಸಾವಿತ್ರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮಾಡಸೂನ್ರಿ, ಅದಕ್ಕೇನು. ಮೊದಲ ಒಂದು ಹೇಳ್ರಿ. ನಿಮ್ಮ ಆ ಹಳೇ ಕಾಗದದಾಗ ನನ್ನ ಹೆಸರು ಯಾಕಿರಲಿಲ್ಲ?"

ಅಂದಪ್ಪ ಕೊಡ ಎತ್ತಿಕೊಂಡು ನೀರು ತರಲು ಹೊರಟ. ಇದಾಗಿ ನಾಲ್ಕು ತಿಂಗಳಾಯಿತು. ಸಾವಿತ್ರೆವ್ವನ ಮೃತ್ಯುಪತ್ರ ಇನ್ನೂ ಹಾಗೆಯೇ ಇದೆ.