ಎಲ್ಲರಿಗೂ ಅರ್ಧ ಆಟ

ವಾಡಿ ಜಂಕ್ಷನ್ನಿನಲ್ಲಿ ನಾನು ಪಾಯಿಂಟ್ಸ್‌ಮನ್. ರೈಲುಗಳನ್ನು ಸರಿಯಾದ ಹಳಿಗೆ ತಿರುಗಿಸುವುದು ನನ್ನ ಕೆಲಸ. ಡ್ಯೂಟಿ ಇಲ್ಲದಾಗ ಕ್ವಾರ್ಟರ್ಸ್ ಹಿಂದಿನ ಮೈದಾನದಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ರೈಲುಗಳು ಹೇಳಿದ ಹಳಿಗೇ ಹೋಗುತ್ತವೆ. ಮೈದಾನದಲ್ಲಿ ಹಾಗಲ್ಲ. ಅಲ್ಲಿ ವಾರಕ್ಕೊಂದು ತಮಾಷೆ ತಪ್ಪಿದ್ದಿಲ್ಲ, ಅದೂ ನಾವೆಲ್ಲ ಭಾಳ ಗಂಭೀರವಾಗಿದ್ದಾಗಲೇ.

೧. ಗೋಡೆಯ ಮೇಲಿನ ಮಾತು

ನಮ್ಮ ಕ್ಲಬ್ಬಿನ ಅಧ್ಯಕ್ಷರು ಸಿಮೆಂಟ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಕ್ಲಬ್ ಸುರುವಾದ ದಿನ ತಾವೇ ನಿಂತು ಗೋಡೆಯ ಮೇಲೆ ಬರೆಸಿದರು: ‘ಗೆಲುವು ಮುಖ್ಯವಲ್ಲ, ಕಲಿಕೆ ಮುಖ್ಯ.’ ನಾನು ಒಂದು ನಿಯಮ ಸೇರಿಸಿದೆ. ತಂಡಕ್ಕೆ ಬಂದ ಪ್ರತಿ ಮಗುವಿಗೂ ಪ್ರತಿ ಪಂದ್ಯದಲ್ಲಿ ಕಡಿಮೆ ಅಂದರೂ ಅರ್ಧ ಆಟ ಸಿಗಬೇಕು. ಅಧ್ಯಕ್ಷರು ಖುಷಿಯಿಂದ ಒಪ್ಪಿದರು.

ಮೊದಲ ಪಂದ್ಯ ಚಿತ್ತಾಪುರದಲ್ಲಿ ನಡೆಯಿತು. ಒಂಬತ್ತು ಗೋಲಿನಿಂದ ಸೋತೆವು. ಎರಡನೆಯದರಲ್ಲಿ ಏಳು. ಅಂದರೆ ಎರಡು ಗೋಲಿನಷ್ಟು ಸುಧಾರಿಸಿದ್ದೇವೆ ಎಂದು ಅಧ್ಯಕ್ಷರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಗೋಡೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಅಂದರು:

“ಕಲಿಯೋದು ಭಾಳ ಆತ್ರಿ ಸರ್. ನಡುನಡುವ ಜರಾ ಗೆಲ್ಲೋದೂ ಇಟ್ಕೊಳ್ಳೋಣು.”

೨. ಖಾಲಿ ಇದ್ದವನು

ಒಂದು ತಿಂಗಳು ಪೂರ್ತಿ ಒಂದೇ ಪಾಠ ಮಾಡಿದೆ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಕೂಡಬೇಡಿ, ತಲೆ ಎತ್ತಿ ನೋಡಿ, ಯಾರು ಖಾಲಿ ನಿಂತಿದ್ದಾರೋ ಅವರಿಗೆ ಕೊಡಿ. ಒಬ್ಬ ಹುಡುಗ ಇದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತ.

ಶಹಾಬಾದದ ತಂಡದ ಮೇಲೆ ಪಂದ್ಯ. ನಮ್ಮ ಗೋಲಿನ ಮುಂದೆ ಈ ಹುಡುಗನಿಗೆ ಚೆಂಡು ಸಿಕ್ಕಿತು. ಗಾಬರಿಯಾಗದೆ ನಿಲ್ಲಿಸಿದ, ತಲೆ ಎತ್ತಿದ, ಸುತ್ತ ನೋಡಿದ, ಅಳತೆ ಹಿಡಿದಂತೆ ಪಾಸ್ ಕೊಟ್ಟ. ಕೊಟ್ಟಿದ್ದು ಶಹಾಬಾದದವನಿಗೆ. ಅವನಿಗೂ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗೋಲು ಹಾಕಿದ.

ವಿರಾಮದಲ್ಲಿ ಕರೆದು ಕೇಳಿದೆ. ನಮ್ಮವರೆಲ್ಲ ಒಂದೇ ಕಡೆ ಗುಂಪಾಗಿದ್ದರು, ಅವನೊಬ್ಬನೇ ಖಾಲಿ ನಿಂತಿದ್ದ ಎಂದ. ಅಂವ ಎದುರಿನವನಲ್ಲೇನೋ ಅಂದೆ.

“ಹೌದ್ರಿ ಸರ್. ಆದ್ರ ಪಾಸ್ ಬರಾಬರ್ ಹೋತಲ್ರಿ?”

ಸರಿಯಾಗೇ ಹೋಗಿತ್ತು. ಆ ವರ್ಷ ನಮ್ಮ ತಂಡ ಕೊಟ್ಟ ಅತ್ಯುತ್ತಮ ಪಾಸ್ ಅದೇ.

೩. ತೆಂಗಳಿಯ ಅಜ್ಜಿ

ಇನ್ನೊಮ್ಮೆ ಒಬ್ಬ ಹುಡುಗನ ಅಜ್ಜಿ ಮೊಮ್ಮಗನ ಆಟ ನೋಡಲು ತೆಂಗಳಿಯಿಂದ ಬಂದಿದ್ದರು. ಅರ್ಧ ಆಟವಾದ ಮೇಲೆ ಅವನನ್ನು ಹೊರಗೆ ಕರೆದು ಬೇರೆಯವನನ್ನು ಇಳಿಸಿದೆ. ಅಜ್ಜಿ ಸೀದಾ ನನ್ನ ಹತ್ತಿರ ಬಂದು, ನಮ್ಮ ಹುಡುಗ ಏನು ತಪ್ಪು ಮಾಡಿದ ಎಂದು ಕೇಳಿದರು. ತಪ್ಪೇನಿಲ್ಲ, ಎಲ್ಲರಿಗೂ ಆಡಲು ಸಿಗಲಿ ಎಂದು ಹೀಗೆ ಮಾಡುತ್ತೇವೆ ಎಂದು ತಿಳಿಸಿ ಹೇಳಿದೆ. ನ್ಯಾಯದ ಮಾತು ಎಂದು ಒಪ್ಪಿ ಹೋಗಿ ಕುಳಿತರು.

ಹತ್ತು ನಿಮಿಷಕ್ಕೆ ಮತ್ತೆ ಬಂದರು. ಮೈದಾನದ ನಡುವೆ ಸೀಟಿ ಹಿಡಿದು ಓಡುತ್ತಿದ್ದ ರೆಫರಿಯ ಕಡೆ ಕೈ ಮಾಡಿ ಹೇಳಿದರು:

“ಆ ಕರೀ ಅಂಗೀಯಂವ ಮೊದಲಿಂದ ಓಡ್ಲಿಕತ್ತಾನ ನೋಡಪ್ಪ. ಅವನ್ನೂ ಜರಾ ಕುಂದ್ರಸು. ಒಮ್ಮೆರೆ ಚೆಂಡು ಮುಟ್ಯಾನೇನು?”

೪. ಗಟ್ಟಿ ಕೀಪರ್

ಮರುವರ್ಷ ನಮಗೊಬ್ಬ ಹೊಸ ಗೋಲ್‌ಕೀಪರ್ ಸಿಕ್ಕ. ಅಭ್ಯಾಸದಲ್ಲಿ ನಮ್ಮ ಮಕ್ಕಳು ಯಾರೂ ಅವನನ್ನು ದಾಟಿಸಿ ಗೋಲು ಹಾಕಿದ್ದಿಲ್ಲ. ಅವನ ದೆಸೆಯಿಂದ ಸೇಡಂನಲ್ಲಿ ನಡೆದ ಪಂದ್ಯಾವಳಿಯ ಫೈನಲ್ ತಲುಪಿದೆವು. ಎದುರಿಗೆ ಚಿಂಚೋಳಿ ತಂಡ. ವಿರಾಮದ ಹೊತ್ತಿಗೆ ನಾವು ಒಂದು ಗೋಲು ಮುಂದೆ.

ಹೊರಗೆ ಕೂತಿದ್ದವಳು ಒಬ್ಬಳೇ ಹುಡುಗಿ. ತಂಡಕ್ಕೆಲ್ಲ ಚಿಕ್ಕವಳು, ಸೇರಿ ನಾಲ್ಕು ತಿಂಗಳಾಗಿತ್ತು, ಒಂದೂ ಗೋಲು ಹಾಕಿರಲಿಲ್ಲ. ನಿಯಮದ ಪ್ರಕಾರ ಈಗ ಅವಳು ಇಳಿಯಬೇಕು. ಹತ್ತು ನಿಮಿಷ ತಡೆಯಿರಿ, ನಿಯಮ ಎಲ್ಲೂ ಓಡಿಹೋಗುವುದಿಲ್ಲ ಎಂದು ಅಧ್ಯಕ್ಷರು ಹಿಂದಿನಿಂದ ಪಿಸುಗುಟ್ಟಿದರು. ಅವರು ಹೇಳುವ ಅಗತ್ಯವೇ ಇರಲಿಲ್ಲ. ನಾನು ಆಗಲೇ ಅವಳ ಕಡೆ ನೋಡುವುದನ್ನು ಬಿಟ್ಟಿದ್ದೆ.

ಆಟ ಮತ್ತೆ ಸುರುವಾಗಿ ಸಾಕಷ್ಟು ಹೊತ್ತಾದ ಮೇಲೆ ಅವಳೇ ಎದ್ದು ಬಂದು ಎದುರಿಗೆ ನಿಂತಳು. “ಸರ್, ನನ್ನ ಅರ್ಧದಾಗ ಅರ್ಧ ಮುಗೀತ್ರಿ.”

ನಾಚಿಕೆಯಾಯಿತು. ಇಳಿಸಿದೆ.

ಆಟ ಮುಗಿಯಲು ಇನ್ನೇನು ಎರಡು ನಿಮಿಷ ಇದೆ ಎನ್ನುವಾಗ ನಮ್ಮ ಗೋಲಿನ ಹತ್ತಿರ ಚೆಂಡು ಅವಳ ಕಾಲಿಗೆ ಬಂತು. ಚಿಂಚೋಳಿಯ ಇಬ್ಬರು ಮೈಮೇಲೆ ಬರುತ್ತಿದ್ದರು. ಇದ್ದ ಶಕ್ತಿಯೆಲ್ಲ ಹಾಕಿ ಒದ್ದಳು. ನಮ್ಮ ಕೀಪರ್ ಪೂರ್ತಿ ಮೈಚಾಚಿ ಹಾರಿದರೂ ಸಿಗಲಿಲ್ಲ. ಚೆಂಡು ನಮ್ಮದೇ ಬಲೆಯಲ್ಲಿ. ಆಟ ಸಮವಾಯಿತು, ಆಮೇಲೆ ಪೆನಾಲ್ಟಿಯಲ್ಲಿ ಸೋತೆವು. ಅಧ್ಯಕ್ಷರು ಇದ್ದಲ್ಲೇ ನೆಲಕ್ಕೆ ಕುಳಿತರು.

ವಾಪಸು ರೈಲು ಹತ್ತಿದೆವು. ಅವಳು ಕಿಟಕಿಗೆ ಮುಖ ಮಾಡಿ ಕೂತಿದ್ದಳು. ವಿರಾಮದಲ್ಲೇ ಇಳಿಸಿದ್ದರೆ ಅವಳಿಗೆ ಆಟ ಕುದುರುತ್ತಿತ್ತು, ತಪ್ಪು ನನ್ನದು ಎನಿಸಿತು. ಚಿತ್ತಾಪುರ ದಾಟಿದ ಮೇಲೆ ಪಕ್ಕದಲ್ಲಿ ಕುಳಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ. ತಿರುಗಿದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

“ಸರ್, ನಮ್ಮವರ ಪೈಕಿ ಯಾರರೆ ಇಲ್ಲೀತನ ನಮ್ಮ ಕೀಪರ್‌ಗ ಗೋಲ್ ಹಾಕ್ಯಾರೇನ್ರಿ?”

ಯಾರೂ ಇಲ್ಲ ಎಂದೆ.

“ನಾ ಹಾಕೀನಿ. ಇನ್ನ ಚಿಂಚೋಳಿ ಕೀಪರ್ ಯಾವ ಲೆಕ್ಕರಿ?”